ಕೂಸಿಲ್ಲದ ಬಾಣಂತನ

ನ್ಯಾಮತಿ
೧೯ ನವೆಂಬರ್ ೧೯೮೭

ಗುಲ್ಜಾರಮ್ಮನವರಿಗೆ, ನಿಮ್ಮ ಹಳೇ ಓಣಿಯ ಕೊಟ್ರಮ್ಮ ಮಾಡುವ ನಮಸ್ಕಾರ.

ಪತ್ರ ಅಂದರೆ ಮೊದಲು ನಮ್ಮ ಕ್ಷೇಮ ತಿಳಿಸಬೇಕು, ಆಮೇಲೆ ಅವರ ಕ್ಷೇಮ ಕೇಳಬೇಕು ಎಂದು ಇಪ್ಪತ್ತೆರಡು ವರ್ಷಗಳಿಂದ ಮಕ್ಕಳಿಗೆ ಹೇಳಿಕೊಡುತ್ತಾ ಬಂದವಳು ನಾನು. ಇವತ್ತು ನನಗೇ ಅದು ಬರೆಯಲು ಬರುತ್ತಿಲ್ಲ. ನಾಲ್ಕು ವರ್ಷದಲ್ಲಿ ಒಂದು ಕಾರ್ಡು ಹಾಕದವಳು ಈಗ ಯಾವ ಮುಖ ಇಟ್ಟುಕೊಂಡು ನಿಮ್ಮ ಕ್ಷೇಮ ಕೇಳಲಿ? ಅದಕ್ಕೇ ನೇರವಾಗಿ ವಿಷಯಕ್ಕೆ ಬರುತ್ತೇನೆ. ಇನ್‌ಲ್ಯಾಂಡ್ ಲೆಟರಿನಲ್ಲಿ ಮುಗಿಯುವ ಮಾತಲ್ಲವೆಂದು ಶಾಲೆಯ ನೋಟ್‌ಬುಕ್ಕಿನ ನಡುವಿನ ಹಾಳೆಗಳನ್ನು ಕಿತ್ತುಕೊಂಡು ಕೂತಿದ್ದೇನೆ. ಮಕ್ಕಳು ಹೀಗೆ ಹಾಳೆ ಕಿತ್ತರೆ ಕಿವಿ ಹಿಂಡುವವಳೂ ನಾನೇ.

ಹೋದ ಶನಿವಾರ ರವಿಕೆ ಬಟ್ಟೆ ಕೊಡಲು ಬಸ್‌ಸ್ಟ್ಯಾಂಡಿನ ಹತ್ತಿರ ನಿಮ್ಮ ತಮ್ಮ ರಸೂಲನ ಅಂಗಡಿಗೆ ಹೋಗಿದ್ದೆ. ಅವನು ಬಟ್ಟೆ ಅಳೆಯುತ್ತಾ, "ನಮ್ಮಕ್ಕನ ಮಗಳು ಮುಮ್ತಾಜ್‌ಗೆ ಎಂಟು ತಿಂಗ್ಳು ತುಂಬ್ತು ಅಕ್ಕೋರೆ. ಎರಡನೇದು" ಎಂದ. ನನಗೆ ಖುಷಿಯಾಯಿತು. "ಹಾಗಾದರೆ ಗುಲ್ಜಾರಮ್ಮನಿಗೆ ಇನ್ನು ಪುರುಸೊತ್ತಿಲ್ಲ ಅನ್ನು" ಎಂದೆ. ಅವನು ಟೇಪು ಕೆಳಗಿಟ್ಟ. "ಎಲ್ಲಿದು ಅಕ್ಕೋರೆ? ಮೊದಲ್ನೇ ಹೆರಿಗೆನಾಗೂ ಅವಳ ಅತ್ತೆ ಮನೇರು ಅಕ್ಕನ್ನ ಮುಟ್ಟಾಕೆ ಬಿಡ್ಲಿಲ್ಲ. ಆ ಜಗಳೂರಿನ ಯಾರನ್ನೋ ಕರೆಸಿ ಹೊಟ್ಟೆ ಕಟ್ಟಿಸಿದ್ರು. ನಮ್ಮಕ್ಕ ಹಿತ್ಲಾಗೆ ಕೂಸಿನ ಬಟ್ಟೆ ಒಗ್ಕೊಂತ ಕುಂತಿದ್ಲು. ಈ ಸಲಾನೂ ಅವರನ್ನೇ ಗೊತ್ತು ಮಾಡ್ಯಾರಂತೆ." ಯಾಕೆ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ರವಿಕೆಯ ತೋಳು ಎಷ್ಟುದ್ದ ಇರಬೇಕೆಂದು ಕೇಳಿದ. ಏನು ಹೇಳಿದೆನೋ ನೆನಪಿಲ್ಲ.

ನ್ಯಾಮತಿಯಲ್ಲಿ, ಸುರಹೊನ್ನೆಯಲ್ಲಿ, ಅತ್ತ ಸಾಸ್ವೆಹಳ್ಳಿಯವರೆಗೆ ನೂರಾರು ಬಾಣಂತಿಯರ ಸಡಿಲವಾದ ಹೊಟ್ಟೆಗೆ ಹಳೇ ಸೀರೆ ಸುತ್ತಿ, ಬಿಗಿದು, ಅವರನ್ನು ಮತ್ತೆ ಮೊದಲಿನ ಹಾಗೆ ಎದ್ದು ನಿಲ್ಲಿಸಿದ ಕೈ ನಿಮ್ಮದು. ನಮ್ಮವರು, ನಿಮ್ಮವರು ಎನ್ನದೆ ಎಲ್ಲರ ಮನೆಯಲ್ಲೂ ಕರೆಯುತ್ತಿದ್ದರು. ಅಂಥ ನಿಮಗೆ ನಿಮ್ಮ ಒಬ್ಬಳೇ ಮಗಳ ಹೊಟ್ಟೆ ಕಟ್ಟಲು ಬಿಡಲಿಲ್ಲ. ಅದು ನನ್ನಿಂದ ಆದದ್ದು. ನಿಮಗೆ ಕನ್ನಡ ಓದಲು ಬಾರದು, ಈ ಪತ್ರವನ್ನು ಮುಮ್ತಾಜಳೇ ನಿಮ್ಮೆದುರು ಕೂತು ಓದುತ್ತಾಳೆ. ಅದು ತಿಳಿದೇ ಬರೆಯುತ್ತಿದ್ದೇನೆ. ಇದರಲ್ಲಿ ಇರುವುದು ಹೆಚ್ಚಿನದು ನಿಮಗೆ ಗೊತ್ತಿರುವುದೇ. ಗೊತ್ತಿಲ್ಲದವಳು ಅವಳು. ಆದ್ದರಿಂದ ಮೊದಲಿನಿಂದ ಹೇಳುತ್ತೇನೆ, ಬೇಸರಪಟ್ಟುಕೊಳ್ಳಬೇಡಿ.

ಮುಮ್ತಾಜ್ ನನ್ನ ಹತ್ತಿರ ಏಳನೇ ಕ್ಲಾಸು ಓದುವಾಗ ನಾನು ಹೇಗಿದ್ದೆನೆಂದು ಅವಳಿಗೆ ನೆನಪಿರುತ್ತದೆ. ನೂರ ಎಂಟು ಕೆಜಿ. ಮಕ್ಕಳು ಹಿಂದಿನಿಂದ 'ಅಂಬಾಸಡರ್ ಅಕ್ಕೋರು' ಎನ್ನುತ್ತಿದ್ದರು. ಅವರಲ್ಲಿ ಅವಳೂ ಒಬ್ಬಳು, ನನಗೇನೂ ಗೊತ್ತಿಲ್ಲ ಎಂದುಕೊಂಡಿದ್ದರೆ ಅದು ಸುಳ್ಳು. ಎಪ್ಪತ್ತೆಂಟರಲ್ಲಿ ಶಿವಮೊಗ್ಗದ ಡಾಕ್ಟರು ರಕ್ತದಲ್ಲಿ ಸಕ್ಕರೆ ಇದೆ, ಮಂಡಿ ಸವೆದಿದೆ, ಹೀಗೇ ಇದ್ದರೆ ಇನ್ನು ಐದು ವರ್ಷಕ್ಕೆ ಹಾಸಿಗೆ ಹಿಡಿಯುತ್ತೀರಿ ಎಂದರು. ಹೆದರಿಕೆಗೆ ನಡೆಯಲು ಶುರು ಮಾಡಿದೆ. ಬೆಳಿಗ್ಗೆ ಸುರಹೊನ್ನೆ ರಸ್ತೆಯಲ್ಲಿ ಹೋಗಿ ಬರುವುದು, ಒಂದು ಜೋಳದ ರೊಟ್ಟಿ, ಬೇಯಿಸಿದ ಹುರುಳಿಕಾಳು, ಸೊಪ್ಪು, ನೀರು ಮಜ್ಜಿಗೆ. ನಾಲ್ಕು ವರ್ಷ ಮದುವೆ ಮನೆಗಳಲ್ಲಿ ಹೋಳಿಗೆ ಬಡಿಸುವವರು ಬಂದಾಗಲೆಲ್ಲ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದೆ. ಎಂಬತ್ತೆರಡರ ಕೊನೆಗೆ ಅರವತ್ತೊಂದು ಕೆಜಿಗೆ ಬಂದೆ. ಊರವರೆಲ್ಲ ನೋಡಿ ಹೊಗಳಿದರು, ಕೆಲವರು ನನಗೇನೋ ದೊಡ್ಡ ರೋಗ ಬಂದಿದೆಯೆಂದು ಮರುಗಿದರು.

ಯಾರಿಗೂ ಗೊತ್ತಿಲ್ಲದ್ದು ಸೀರೆಯ ಒಳಗಿತ್ತು. ಮೈ ಇಳಿಯಿತು, ಚರ್ಮ ಇಳಿಯಲಿಲ್ಲ. ಹೊಟ್ಟೆಯ ಚರ್ಮ ಖಾಲಿ ಚೀಲದ ಹಾಗೆ ತೊಡೆಯ ಮೇಲೆ ಜೋತು ಬಿದ್ದಿತ್ತು. ಅದನ್ನು ಎತ್ತಿ, ಮಡಿಸಿ, ಲಂಗದ ಒಳಗೆ ತುರುಕಿ ಲಾಡಿ ಬಿಗಿಯುತ್ತಿದ್ದೆ. ಮಡಿಕೆಯ ಸಂದಿಯಲ್ಲಿ ಬೆವರು ನಿಂತು ಹುಣ್ಣಾಗುತ್ತಿತ್ತು. ಬೇಸಿಗೆಯಲ್ಲಿ ವಾಸನೆ ಬರುತ್ತಿತ್ತು. ನಮ್ಮ ಮನೆಯವರು ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಅಲ್ಲವೇ, ಎತ್ತಿನ ಹೆಗಲ ಹುಣ್ಣಿಗೆ ಹಾಕುವ ಪೌಡರನ್ನು ಸಂಕೋಚದಿಂದ ತಂದುಕೊಟ್ಟರು. ಅದನ್ನೂ ಹಾಕಿಕೊಂಡೆ. ಕ್ಲಾಸಿನಲ್ಲಿ ಮಕ್ಕಳಿಗೆ ಹತ್ತಿರವಾಗದೆ ಮೇಜಿನ ಹಿಂದೆಯೇ ನಿಂತು ಪಾಠ ಮಾಡುತ್ತಿದ್ದೆ. ದಪ್ಪಗಿದ್ದಾಗ ನನಗೆ ನನ್ನ ಮೈ ಮೇಲೆ ಇಷ್ಟು ಹೇಸಿಗೆ ಇರಲಿಲ್ಲ.

ದಾವಣಗೆರೆಯಲ್ಲಿ ಒಬ್ಬ ಸರ್ಜನ್ ಆ ಚರ್ಮ ಕತ್ತರಿಸಿ ತೆಗೆದು ಹೊಲಿಗೆ ಹಾಕುತ್ತಾರೆಂದು ತಿಳಿಯಿತು. ನಮ್ಮತ್ತೆ ಗಾದ್ರಮ್ಮನವರಿಗೆ ಹೇಳಿದಾಗ ಆದ ರಂಪ ನಿಮಗೆ ಗೋಡೆಯಾಚೆಯಿಂದ ಕೇಳಿಸಿಯೇ ಇರುತ್ತದೆ. "ದೇವ್ರು ಕೊಟ್ಟ ಚರ್ಮ ಕೊಯ್ಸಿಕೊಳ್ಳಾಕೆ ಹುಚ್ಚಾ ನಿಂಗೆ? ವಯಸ್ಸು ನಲವತ್ತಾತು. ಇನ್ನು ಯಾರಿಗೆ ತೋರಿಸ್ಬೇಕಾಗೈತೆ?" ಹುಣ್ಣಿಗಾಗಿ ಮಾಡಿಸಿಕೊಳ್ಳುತ್ತಿದ್ದೇನೆ, ಬೇರೆ ಏನೂ ಅಲ್ಲ, ಎಂದು ನಾನು ದೇವರ ಮೇಲೆ ಆಣೆ ಇಟ್ಟೆ. ಆ ಆಣೆ ಅರ್ಧ ನಿಜ.

ಎಂಬತ್ತಮೂರರ ಏಪ್ರಿಲ್‌ನಲ್ಲಿ, ಬೇಸಿಗೆ ರಜೆ ನೋಡಿಕೊಂಡು, ಆಪರೇಷನ್ ಆಯಿತು. ಈ ಸೊಂಟದಿಂದ ಆ ಸೊಂಟದವರೆಗೆ ಒಂದೇ ಗೆರೆ. ಹದಿಮೂರು ದಿನ ಬಿಟ್ಟು ಹೊಲಿಗೆ ಬಿಚ್ಚಿ ಮನೆಗೆ ಕಳಿಸುವಾಗ ಡಾಕ್ಟರು ಎಚ್ಚರಿಕೆ ಹೇಳಿದರು. ಇನ್ನೂ ಎರಡು ವಾರ ಬೆನ್ನು ನೆಟ್ಟಗೆ ಮಾಡಬಾರದು, ಬಾಗಿಯೇ ನಡೆಯಬೇಕು. ಮಲಗುವಾಗ ಮಂಡಿಯ ಕೆಳಗೆ ದಿಂಬು ಇರಬೇಕು. ಒಂದು ತಂಬಿಗೆಗಿಂತ ಭಾರದ್ದೇನೂ ಎತ್ತಬಾರದು, ಕೈ ಮೇಲಕ್ಕೆ ಚಾಚಬಾರದು, ಹೊಟ್ಟೆ ಯಾವಾಗಲೂ ಕಟ್ಟಿರಬೇಕು. ಅವರು ಕೊಟ್ಟಿದ್ದ ರಬ್ಬರಿನ ಬೆಲ್ಟು ನಮ್ಮೂರಿನ ಸೆಕೆಗೆ ಎರಡೇ ದಿನಕ್ಕೆ ಮೈಯೆಲ್ಲ ಬೊಕ್ಕೆ ಎಬ್ಬಿಸಿತು. ಮನೆಯವರು ಫೋನು ಮಾಡಿ ಕೇಳಿದರೆ, ಮೆತ್ತನೆ ಬಟ್ಟೆ ಕಟ್ಟಿದರೂ ಸಾಕು, ಕಟ್ಟುವವರಿಗೆ ಕಟ್ಟಲು ಬರಬೇಕು ಎಂದರಂತೆ. ಆಗ ನಮ್ಮತ್ತೆಯೇ, "ಕಟ್ಟಾಕೆ ಬರಾದು ಅಂದ್ರೆ ನಮ್ಮ ಗುಲ್ಜಾರಿಗೆ" ಎಂದು ನಿಮ್ಮನ್ನು ಕರೆಯಲು ಹೋದರು. ಇದನ್ನು ಅವರು ಆಮೇಲೆ ಮರೆತುಬಿಟ್ಟರು.

ನೀವು ಬಂದ ಮೊದಲ ಬೆಳಿಗ್ಗೆ ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಒಗೆದು ಒಗೆದು ಹೂವಿನಂತಾಗಿದ್ದ ನಿಮ್ಮದೇ ಬಿಳಿ ಸೀರೆಯನ್ನು ಉದ್ದಕ್ಕೆ ಮಡಿಸಿಕೊಂಡು ಬಂದಿದ್ದಿರಿ. ಕೈ ಬೆಚ್ಚಗೆ ಮಾಡಿಕೊಂಡು 'ಬಿಸ್ಮಿಲ್ಲಾ' ಎಂದು ಹೊಟ್ಟೆಯ ಮೇಲೆ ಇಟ್ಟಿರಿ. ಆಮೇಲೆ ಸರ್ಜನ್ ಹೊಸದಾಗಿ ಕೂರಿಸಿದ್ದ ಹೊಕ್ಕುಳನ್ನು ನೋಡಿ, "ಅಯ್ಯ, ಇದನ್ನ ಕಿತ್ತು ಬ್ಯಾರೆ ಕಡೆ ನಾಟಿ ಮಾಡ್ಯಾರಲ್ಲಾ!" ಎಂದಿರಿ. ನಗು ಬಂದು ಗಾಯ ಎಳೆಯಿತು. ಕೆಳಗಿನಿಂದ ಮೇಲಕ್ಕೆ ಸುತ್ತುತ್ತಾ ಬಂದು, ಎಡ ಸೊಂಟದ ಮೇಲೆ ಒಂದು ಗಂಟು ಹಾಕಿದಿರಿ. ತುದಿ ಹಿಡಿದು ಎಳೆದರೆ ಒಂದೇ ಕೈಯಲ್ಲಿ ಬಿಚ್ಚುವ ಗಂಟು. ಬಾಣಂತಿಯ ಇನ್ನೊಂದು ಕೈಯಲ್ಲಿ ಕೂಸು ಇರುತ್ತದಲ್ಲ, ಅದಕ್ಕೆ ಹಾಗೆ, ಎಂದು ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಿರಿ. ನನಗೆ ಅಳು ತಡೆಯಲಾಗಲಿಲ್ಲ.

"ನೋವಾತಾ?" ಎಂದು ಕೇಳಿದಿರಿ. "ನಾನು ಏನು ಹೆತ್ತಿದ್ದೀನಿ ಅಂತ ಈ ಬಾಣಂತನ?" ಎಂದೆ ನಾನು. ಮದುವೆಯಾಗಿ ಹತ್ತೊಂಬತ್ತು ವರ್ಷವಾಗಿತ್ತು. ಓಣಿಯಲ್ಲಿ ಎಲ್ಲರ ಮನೆಗೆ ಹೋಗಿ ಬರುವಾಗ ನಮ್ಮ ಬಾಗಿಲನ್ನು ಮಾತ್ರ ನೀವು ದಾಟಿ ಹೋಗುವುದನ್ನು ಎಷ್ಟು ಸಲ ಕಿಟಕಿಯಿಂದ ನೋಡಿದ್ದೆನೋ. ನೀವು ನನ್ನ ಕೆನ್ನೆ ಒರೆಸಿ, "ಅರ್ಧ ಹೆಂಗಸನ್ನ ಮೈಯಿಂದ ಇಳಿಸಿ ಕುಂತೀಯಲ್ಲ ಮಗಾ, ಇದೇನು ಸಣ್ಣ ಹೆರಿಗೆನಾ?" ಎಂದಿರಿ. ಅತ್ತೆಯ ಎದುರಿಗೆ ನಾನು ನಿಮಗೆ 'ಅಕ್ಕೋರು'. ಅವರು ಅಡುಗೆಮನೆಗೆ ಹೋದ ತಕ್ಷಣ 'ಮಗಾ', 'ಬೇಟಾ'. ಅತ್ತೆ ನಿಮಗೆ ಟೀ ಕೊಡಲು ಬೇರೆ ಲೋಟ ಇಟ್ಟಿದ್ದರು, ಅದನ್ನು ನೀವೇ ತೊಳೆದು ಜಗುಲಿಯ ಗೂಡಿನಲ್ಲಿ ಇಡುತ್ತಿದ್ದಿರಿ. ನಾನು ನೋಡುತ್ತಿದ್ದೆ, ಒಂದು ದಿನವೂ ಬೇಡವೆನ್ನಲಿಲ್ಲ. ಅದೂ ನನ್ನ ಲೆಕ್ಕಕ್ಕೇ ಸೇರಬೇಕಾದ ತಪ್ಪು.

ಹತ್ತು ದಿನ ಬಂದಿರಿ. ಬೆಳಿಗ್ಗೆ ಬಿಚ್ಚಿ, ಗಾಯದ ಸುತ್ತ ಬೆಚ್ಚಗಿನ ನೀರಿನ ಬಟ್ಟೆಯಲ್ಲಿ ಒರೆಸಿ, ಆರಿದ ಮೇಲೆ ಕಟ್ಟುವುದು. ಸಂಜೆ ಮತ್ತೆ ಬಿಚ್ಚಿ ನೋಡಿ ಕಟ್ಟುವುದು. ಲೋಬಾನದ ಹೊಗೆ ಕೊಡುತ್ತಿದ್ದಿರಿ. ಬೆಳ್ಳುಳ್ಳಿ ಮೆಣಸಿನ ಸಾರು ಮಾಡಿಸುತ್ತಿದ್ದಿರಿ, ಅತ್ತೆ ಗೊಣಗುತ್ತಲೇ ಮಾಡುತ್ತಿದ್ದರು. ಆಮೇಲೆ ನನ್ನ ರಟ್ಟೆ ಹಿಡಿದು ಅಂಗಳದಲ್ಲಿ ಹತ್ತು ಸುತ್ತು ನಡೆಸುತ್ತಿದ್ದಿರಿ. ನಾನು ಬೆನ್ನು ಎತ್ತುವಂತಿಲ್ಲ, ನಿಮಗೆ ವಯಸ್ಸಿಗೆ ಬೆನ್ನು ಬಾಗಿದೆ, ಇಬ್ಬರೂ ನೆಲದಲ್ಲಿ ಏನೋ ಕಳೆದುಕೊಂಡವರ ಹಾಗೆ ಸುತ್ತುತ್ತಿದ್ದೆವು. ಚರ್ಮದ ಮೇಲೆ ನನಗಿದ್ದ ಸಿಟ್ಟನ್ನು ಒಂದು ದಿನ ನಿಮ್ಮ ಹತ್ತಿರ ಕಾರಿಕೊಂಡೆ. "ಅದಕ್ಯಾಕೆ ಬೈತೀಯ? ನೀನು ದಪ್ಪಗಿದ್ದಾಗ ನಿನ್ನ ಹೊತ್ಕೊಂಡು ತಿರುಗಿದ್ದು ಅದೇ ಅಲ್ಲೇನು? ನೀನು ಸಣ್ಣಗಾದದ್ದು ಪಾಪ ಅದಕ್ಕೆ ಹೆಂಗೆ ಗೊತ್ತಾಗ್ಬೇಕು?" ಎಂದಿರಿ. ಅವತ್ತಿನಿಂದ ನನಗೆ ನನ್ನ ಮೈ ಮುಟ್ಟಿಕೊಳ್ಳಲು ಹೇಸಿಗೆಯಾಗಿಲ್ಲ.

ಇನ್ನೊಂದು ಮಾತು, ಮುಮ್ತಾಜ್‌ಗೆ ಇದು ಮುಖ್ಯ. ನಾಲ್ಕನೆಯ ದಿನವೋ ಐದನೆಯ ದಿನವೋ ಅತ್ತೆ ಯಾವುದಕ್ಕೋ ರೇಗಿ, ಮೈ ಕೊಯ್ಸಿಕೊಂಡು ಮಲಗಿದ್ದಾಳೆ, ಮನೆ ಕೆಲಸವೆಲ್ಲ ನನ್ನ ತಲೆ ಮೇಲೆ, ಎಂದು ಜೋರು ಮಾಡಿದರು. ಕಟ್ಟುತ್ತಿದ್ದ ಬಟ್ಟೆಯನ್ನು ಹಾಗೇ ಹಿಡಿದು ನೀವು ಅವರತ್ತ ತಿರುಗಿದಿರಿ. "ಅಮ್ಮಾರೆ, ಬಾಣಂತೀನ ಬೈಬಾರ್ದು. ಅವಳ ಕಣ್ಣಾಗೆ ನೀರು ತರಿಸಬಾರ್ದು. ನಲವತ್ತು ದಿನ ಏನಿದ್ರೂ ನಾವು ನುಂಗ್ಕೊಬೇಕು. ಬೈಯೋದಿದ್ರೆ ನನಗೆ ಬೈರಿ." ಯಾರ ಮನೆಯಲ್ಲಾದರೂ ನಿಮ್ಮ ಕಟ್ಟುಪಾಡು ಅದೇ ಆಗಿತ್ತಂತೆ, ಸೊಸೆಯಂದಿರೆಲ್ಲ ಹೇಳುತ್ತಿದ್ದರು. ನಮ್ಮತ್ತೆಗೆ ಹಾಗೆ ಎದುರು ಮಾತಾಡಿದವರನ್ನು ನಾನು ಮೊದಲ ಸಲ ನೋಡಿದೆ. ಅವರು ಸುಮ್ಮನೆ ಒಳಗೆ ಹೋದರು.

ಹತ್ತನೆಯ ದಿನ ಮಧ್ಯಾಹ್ನ ಅತ್ತೆ ಹೊನ್ನಾಳಿಗೆ ಯಾರದೋ ನಾಮಕರಣಕ್ಕೆ ಹೋಗಿದ್ದರು. ಮನೆಯವರು ಆಸ್ಪತ್ರೆಗೆ ಹೋಗಿದ್ದರು. ನಾನೊಬ್ಬಳೇ. ಮಂಚದ ಎದುರಿಗೆ ಬೀರುವಿನ ಕನ್ನಡಿ. ಹತ್ತು ದಿನ ಅದರಲ್ಲಿ ಬಾಗಿದ ಮುದುಕಿಯೊಬ್ಬಳನ್ನೇ ನೋಡಿ ನೋಡಿ ಸಾಕಾಗಿತ್ತು. ಒಂದೇ ಒಂದು ಸಲ ನೆಟ್ಟಗೆ ನಿಂತು ನೋಡಿಕೊಳ್ಳೋಣ ಎನಿಸಿತು. ನಿಮ್ಮ ಗಂಟಿನ ತುದಿ ಎಳೆದೆ, ಬಟ್ಟೆ ಬಿಚ್ಚಿಕೊಂಡಿತು. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಮಂಚದ ಕೆಳಗೆ ನನ್ನ ಕಬ್ಬಿಣದ ಟ್ರಂಕು ಇತ್ತು, ಅದರ ತಳದಲ್ಲಿ ನನ್ನ ಮದುವೆಯ ರೇಷ್ಮೆ ರವಿಕೆ. ಹದಿನೈದು ವರ್ಷದಿಂದ ಒಂದು ತೋಳೂ ಏರದಿದ್ದ ರವಿಕೆ. ಟ್ರಂಕನ್ನು ಎರಡೂ ಕೈಯಲ್ಲಿ ಎಳೆದೆ. ಎಡಗಡೆ ಚುರ್ ಎಂದಿತು. ಗಮನ ಕೊಡಲಿಲ್ಲ. ರವಿಕೆ ತೆಗೆದು, ಎರಡೂ ಕೈ ಮೇಲಕ್ಕೆತ್ತಿ ತೊಟ್ಟುಕೊಂಡು, ಬೆನ್ನು ನೆಟ್ಟಗೆ ಮಾಡಿ ಕನ್ನಡಿಯ ಮುಂದೆ ನಿಂತೆ.

ಗುಲ್ಜಾರಮ್ಮ, ಹೇಳಿಬಿಡುತ್ತೇನೆ, ನಾನು ಚೆನ್ನಾಗಿದ್ದೆ. ರವಿಕೆಯ ಗುಂಡಿ ಕೂತಿತು. ಕೆಳಗೆ ಹೊಟ್ಟೆ ಸಪಾಟಾಗಿತ್ತು, ಸೀರೆ ಉಟ್ಟರೆ ನಿರಿಗೆ ನೆಟ್ಟಗೆ ಕೆಳಗಿಳಿಯುವಂಥ ಹೊಟ್ಟೆ. ಇಪ್ಪತ್ತೊಂದನೇ ವಯಸ್ಸಿನಲ್ಲಿ ಹಸೆಮಣೆ ಏರಿದ್ದ ಹುಡುಗಿ ಇನ್ನೂ ಎಲ್ಲೋ ಇದ್ದಾಳೆ ಅನಿಸಿ, ಬಾಯಿಬಿಟ್ಟು ನಕ್ಕೆ. ಆಮೇಲೆ ತೊಡೆಯ ಮೇಲೆ ಬೆಚ್ಚಗೆ ಏನೋ ಇಳಿಯಿತು. ನೋಡಿದರೆ ರಕ್ತ.

ಆಗ ನನಗೆ ಗಾಯದ ಹೆದರಿಕೆಗಿಂತ ಅತ್ತೆಯ ಹೆದರಿಕೆ ಹೆಚ್ಚಾಯಿತು. 'ಯಾರಿಗೆ ತೋರಿಸ್ಬೇಕಾಗೈತೆ' ಎಂಬ ಮಾತು ಕಿವಿಯಲ್ಲೇ ಇತ್ತು. ರವಿಕೆ ಕಳಚಿ, ರಕ್ತವನ್ನು ಹಳೇ ಲಂಗದಲ್ಲಿ ಒರೆಸಿ, ಎರಡನ್ನೂ ಟ್ರಂಕಿಗೆ ತುಂಬಿ ಕಾಲಿನಿಂದ ಒಳಗೆ ತಳ್ಳಿದೆ. ನಿಮ್ಮ ಬಟ್ಟೆಯನ್ನು ಹೇಗೋ ಸುತ್ತಿಕೊಂಡು ಸಿಕ್ಕ ಕಡೆ ಎರಡು ಗಂಟು ಬಿಗಿದು ಮಲಗಿಬಿಟ್ಟೆ. ಸಂಜೆ ಅತ್ತೆ ಬಂದ ಹಿಂದೆಯೇ ನೀವೂ ಬಂದಿರಿ. ಹೊದಿಕೆ ಸರಿಸಿದಾಗ ಬಟ್ಟೆ ಕೆಂಪಾಗಿತ್ತು. ಅತ್ತೆ ಕಿರುಚಿಕೊಂಡರು. "ಅಯ್ಯಯ್ಯೋ, ಎಷ್ಟು ಬಿಗಿ ಕಟ್ಟೀಯೇ ನೀನು! ಕೊಯ್ದ ಹೊಟ್ಟೇನ ಹಂಗೆ ಬಿಗಿತಾರೇನೆ? ಕೊಂದೇ ಬಿಟ್ಟೆಯಲ್ಲೇ ನನ್ನ ಸೊಸೇನ!"

ನೀವು ಬಿಚ್ಚಲು ಎಡ ಸೊಂಟಕ್ಕೆ ಕೈ ಹಾಕಿದಿರಿ. ಅಲ್ಲಿ ಗಂಟು ಇರಲಿಲ್ಲ. ಅದು ಬಲಗಡೆ ಇತ್ತು, ಕಡುಗಂಟು, ಹಲ್ಲಿನಿಂದ ಬಿಡಿಸಬೇಕಾಯಿತು. ಬಿಡಿಸುವ ಮೊದಲು ನೀವು ಅದನ್ನು ನೋಡಿದಿರಿ, ಆಮೇಲೆ ನನ್ನ ಮುಖ ನೋಡಿದಿರಿ. ನಾನು ಕಣ್ಣು ಮುಚ್ಚಿಕೊಂಡೆ. ಅತ್ತೆ ನನ್ನನ್ನು ಹಿಡಿದು ಅಲುಗಾಡಿಸಿ, "ಹೇಳೇ, ಬಿಗಿಯಾಗಿತ್ತೇನೇ?" ಎಂದು ಕೇಳಿದರು. ನಾನು ಹೂಂ ಎಂದು ತಲೆಯಾಡಿಸಿದೆ. ಆಗ ನೀವು ಹೇಳಿದ್ದು ಇಷ್ಟೇ: "ಹೌದ್ರೀ ಅಮ್ಮಾರೆ. ನನ್ನ ಕೈ ತಪ್ಪೇ ಇರ್ಬೇಕು. ಮೊದ್ಲು ಗಾಡಿ ಕರೆಸ್ರಿ."

ದಾವಣಗೆರೆಯ ಡಾಕ್ಟರು ಗಾಯ ನೋಡಿ ಗದರಿದರು. "ಇದು ಕಟ್ಟಿದ್ದರಿಂದ ಬಿಟ್ಟುಕೊಂಡಿದ್ದಲ್ಲ. ಏನೋ ಭಾರ ಎಳೆದಿದ್ದೀರಿ. ಏನು ಎಳೆದಿರಿ?" ನಾನು ಏನೂ ಇಲ್ಲ ಎಂದೆ. ಕೀವಾಯಿತು, ಜ್ವರ ಬಂತು, ಹದಿನಾರು ದಿನ ಅಲ್ಲಿದ್ದೆ. ನಾನು ಊರಿಗೆ ವಾಪಸು ಬರುವಷ್ಟರಲ್ಲಿ ಗುಲ್ಜಾರಮ್ಮನ ಕೈ ಕೆಟ್ಟಿದೆ, ಕಟ್ಟಿದರೆ ಹೊಲಿಗೆ ಬಿಡುತ್ತದೆ, ಎಂಬ ಮಾತು ಸುರಹೊನ್ನೆ ದಾಟಿ ಹೋಗಿತ್ತು. ಆ ಮಳೆಗಾಲದಲ್ಲಿ ನಮ್ಮ ಓಣಿಯ ಕಲ್ಲೇಶಪ್ಪನವರ ಮಗಳಿಗೆ ಹೆರಿಗೆಯಾಯಿತು. ನಿಮ್ಮನ್ನು ಕರೆಯಲಿಲ್ಲ. ಅವರ ಮನೆಯಲ್ಲಿ ಮೂರು ತಲೆಮಾರು ಕಟ್ಟಿದವರು ನೀವು. ಅದಾದ ಮೇಲೆ ಬೇರೆ ಯಾರೂ ಕರೆಯಲಿಲ್ಲ.

ಎಂಬತ್ತನಾಲ್ಕರಲ್ಲಿ ಮನೆ ಖಾಲಿ ಮಾಡಿ ಜಗಳೂರಿಗೆ ಮಗಳ ಮನೆಗೆ ಹೊರಟ ದಿನ ನೀವು ಶಾಲೆಯ ಗೇಟಿನ ಹತ್ತಿರ ಬಂದು ನಿಂತಿದ್ದಿರಿ. ನಾನು ಹೊರಗೆ ಬಂದೆ. "ಹೊಟ್ಟೆ ಹೆಂಗೈತೆ ಬೇಟಾ? ಮಳೆಗಾಲದಾಗೆ ಗಾಯ ಜಗ್ತೈತೇನು?" ಎಂದು ಕೇಳಿದಿರಿ. ಬೈದಿದ್ದರೆ ನನಗೆ ಅಲ್ಲೇ ಬಾಯಿ ಬರುತ್ತಿತ್ತೋ ಏನೋ. "ಚೆನ್ನಾಗಿದೆ ಗುಲ್ಜಾರಮ್ಮ, ಕ್ಲಾಸು ಇದೆ" ಎಂದು ಒಳಗೆ ಹೋದೆ. ಆ ಪೀರಿಯಡ್ಡಿನಲ್ಲಿ ನನಗೆ ಕ್ಲಾಸಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಕೂತು ಗೋಡೆ ನೋಡಿದೆ.

ಯಾಕೆ ಸುಮ್ಮನಿದ್ದೆ ಎಂದು ಕೇಳಿದರೆ ದೊಡ್ಡ ಕಾರಣವೇನೂ ಇಲ್ಲ. ನಾಚಿಕೆ. ನಲವತ್ತು ವರ್ಷದ, ಮಕ್ಕಳಿಲ್ಲದ ಅಕ್ಕೋರು, ಮದುವೆಯ ರವಿಕೆ ತೊಟ್ಟು ಕನ್ನಡಿ ನೋಡಿಕೊಳ್ಳಲು ಹೋಗಿ ಹೊಟ್ಟೆ ಹರಿದುಕೊಂಡಳು ಎಂದು ಓಣಿಯವರು ನಗುತ್ತಾರಲ್ಲ ಎಂಬ ನಾಚಿಕೆ. ಅಷ್ಟು ಸಣ್ಣದಕ್ಕೆ ನಿಮ್ಮ ಅಷ್ಟು ದೊಡ್ಡ ಹೆಸರನ್ನು ಕೊಟ್ಟುಬಿಟ್ಟೆ. ಮೊದಲ ದಿನ ಹೇಳಲಿಲ್ಲ, ಎರಡನೆಯ ದಿನ ಹೇಳುವುದು ಇನ್ನೂ ಕಷ್ಟವಾಯಿತು. ಆಮೇಲೆ ನಿಮ್ಮ ಬೀಗ ಹಾಕಿದ ಬಾಗಿಲ ಮುಂದೆ ಓಡಾಡುವುದು ಅಭ್ಯಾಸವಾಗಿ ಹೋಯಿತು.

ನೀವು ಯಾಕೆ ಒಪ್ಪಿಕೊಂಡಿರಿ ಎಂದು ನಾಲ್ಕು ವರ್ಷ ನನ್ನನ್ನೇ ಕೇಳಿಕೊಂಡಿದ್ದೇನೆ. ಗಂಟು ತೋರಿಸಿ ಒಂದು ಮಾತು ಅಂದಿದ್ದರೆ ಸಾಕಿತ್ತು. ಮೊದಮೊದಲು ನೀವು ನಮ್ಮತ್ತೆಗೆ ಹೆದರಿದಿರಿ ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳು. ನಮ್ಮತ್ತೆಯನ್ನು ಒಳಗೆ ಕಳಿಸಿದವರು ನೀವು. ಶನಿವಾರ ರಸೂಲನ ಅಂಗಡಿಯಿಂದ ಮನೆಗೆ ನಡೆದು ಬರುವಾಗ ಅರ್ಥವಾಯಿತು. ನನ್ನ ನಲವತ್ತು ದಿನ ಇನ್ನೂ ಮುಗಿದಿರಲಿಲ್ಲ. ಬಾಣಂತಿಯನ್ನು ಬೈಸಬಾರದು, ಅವಳ ಕಣ್ಣಲ್ಲಿ ನೀರು ತರಿಸಬಾರದು, ಏನಿದ್ದರೂ ನೀವು ನುಂಗಿಕೊಳ್ಳಬೇಕು. ಏನನ್ನೂ ಹೆರದ ನನ್ನನ್ನು ನೀವು ನಿಜವಾಗಿಯೂ ಬಾಣಂತಿ ಎಂದುಕೊಂಡಿದ್ದಿರಿ. ಬಸ್‌ಸ್ಟ್ಯಾಂಡಿನಿಂದ ಮನೆಯವರೆಗೆ ಅತ್ತುಕೊಂಡು ಬಂದೆ. ದಾರಿಯಲ್ಲಿ ಸಿಕ್ಕವರಿಗೆ ಕಣ್ಣಿಗೆ ಧೂಳು ಬಿತ್ತು ಎಂದೆ.

ಅವತ್ತು ಸಂಜೆ ಅತ್ತೆಯನ್ನೂ ಮನೆಯವರನ್ನೂ ಕೂರಿಸಿಕೊಂಡು ಎಲ್ಲ ಹೇಳಿದೆ. ಟ್ರಂಕು, ರವಿಕೆ, ಕನ್ನಡಿ, ಒಂದನ್ನೂ ಬಿಡಲಿಲ್ಲ. ಮನೆಯವರು ತಲೆ ತಗ್ಗಿಸಿ ಕೂತರು. ಆಮೇಲೆ, "ನನಗೆ ಹೇಳಿದ್ರೆ ಟ್ರಂಕು ನಾನೇ ಎಳೆದು ಕೊಡ್ತಿದ್ನಲ್ಲೇ" ಎಂದರು. ಮಾರನೇ ಬೆಳಿಗ್ಗೆ ಅತ್ತೆ ನಲ್ಲಿಯ ಹತ್ತಿರ ಹೋಗಿ, ಸರದಿಯಲ್ಲಿ ನಿಂತಿದ್ದ ಹೆಂಗಸರ ಮುಂದೆ ಕೊಡ ಕೆಳಗಿಟ್ಟು, "ಗುಲ್ಜಾರಿದು ಏನೂ ತಪ್ಪಿಲ್ಲ ಕಣ್ರೇ. ನನ್ನ ಸೊಸೆ ಸುಳ್ಳು ಹೇಳ್ಯಾಳೆ. ನಾಕು ವರ್ಷ ಅದನ್ನ ಊರ ತುಂಬ ಹೊತ್ಕೊಂಡು ತಿರುಗಿದ ನಾನೂ ಮೂಳಿ" ಎಂದು ಸಾರಿದರಂತೆ. ನನ್ನ ಹತ್ತಿರ ಇನ್ನೂ ಮಾತು ಬಿಟ್ಟಿದ್ದಾರೆ. ಇವತ್ತಿಗೆ ಐದನೇ ದಿನ. ಓಣಿಯವರು ನಗುತ್ತಿದ್ದಾರೆ, ನಿಜ. ನಾನು ಹೆದರಿದ್ದಷ್ಟು ಕಷ್ಟವಾಗಲಿಲ್ಲ.

ಇಷ್ಟನ್ನು ಬಸ್ಸು ಹತ್ತಿ ಬಂದು ಎದುರಿಗೇ ಹೇಳಬಹುದಿತ್ತು. ಆದರೆ ನನ್ನ ಬಾಯಿ ನನಗೆ ಗೊತ್ತು. ನಿಮ್ಮ ಮುಖ ನೋಡಿದರೆ ಟೀ ಕುಡಿದು, ಮಗುವಿನ ಕೈಗೆ ಬಿಸ್ಕತ್ತು ಕೊಟ್ಟು, ಹೇಳದೆ ವಾಪಸು ಬರುವವಳು ನಾನು. ಮೊದಲು ಪತ್ರ ಬರಲಿ. ಶಾಲೆಯ ಇನ್‌ಸ್ಪೆಕ್ಷನ್ ಮುಗಿದ ಮೇಲೆ, ಇಪ್ಪತ್ತೊಂಬತ್ತನೇ ತಾರೀಕು ಭಾನುವಾರ, ನಾನೂ ಬರುತ್ತೇನೆ. ಒಳಗೆ ಕರೆಯುವುದೂ ಬಿಡುವುದೂ ನಿಮಗೆ ಸೇರಿದ್ದು. ಕ್ಷಮಿಸಿ ಎಂದು ಕೇಳಲು ನನಗೆ ಅರ್ಹತೆಯಿಲ್ಲ, ಆದರೂ ಕೇಳುತ್ತಿದ್ದೇನೆ.

ಮುಮ್ತಾಜ್, ಇಲ್ಲಿಂದ ಮುಂದಿನದು ನಿನಗೆ. ನಿನ್ನ ಅಮ್ಮನ ಕೈಯಿಂದ ಇವತ್ತಿನವರೆಗೆ ಒಬ್ಬರಿಗೂ ಕೇಡಾಗಿಲ್ಲ. ನಿನ್ನ ಅತ್ತೆಯವರಿಗೂ ನಿನ್ನ ಗಂಡ ದಾವೂದನಿಗೂ ಈ ಪತ್ರವನ್ನು ಜೋರಾಗಿ ಓದಿ ಹೇಳು. ನಂಬದಿದ್ದರೆ ನಾನು ಬಂದಾಗ ನನ್ನ ಬಾಯಿಂದಲೇ ಕೇಳಲಿ. ನೀನು ಮೊದಲನೇ ಕೂಸು ಹೆತ್ತಾಗ ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಾ ಕೂತಿದ್ದ ಹೆಂಗಸು ಒಳಗೆ ಬಂದು ಒಂದು ಮಾತು ಹೇಳಿದ್ದರೆ ನನ್ನ ಮಾನ ಹೋಗುತ್ತಿತ್ತು, ಅವಳದ್ದು ಉಳಿಯುತ್ತಿತ್ತು. ಅವಳು ಹೇಳಲಿಲ್ಲ. ಸ್ವಂತ ಮಗಳಿಗೂ ಹೇಳಲಿಲ್ಲ. ಈಗ ಓದುವುದನ್ನು ನಿಲ್ಲಿಸು. ಹಾಳೆಗಳನ್ನು ಪಕ್ಕಕ್ಕಿಟ್ಟು ಅವಳ ಕೈ ಹಿಡಿದು ನಿನ್ನ ಹೊಟ್ಟೆಯ ಮೇಲೆ ಇಟ್ಟುಕೋ.

ನಿನಗೆ ಸುಸೂತ್ರ ಹೆರಿಗೆಯಾಗಲಿ, ನಿನ್ನ ಅಮ್ಮ ನೂರು ಕಾಲ ಬಾಳಲಿ.

ಕೊಟ್ರಮ್ಮ